ಹನ್ನೊಂದು ಯಾರ್ಡಿಗೆ ಒಂದೇ ಆನೆ

ಕಾಯಿಲೆ ಬಿದ್ದು ಎದ್ದವರು ಬರೆದದ್ದನ್ನು ನಾನು ಸಾಕಷ್ಟು ಓದಿದ್ದೇನೆ. ಆಸ್ಪತ್ರೆಯ ಬೆಂಚಿನ ಮೇಲೆ ಹೊತ್ತು ಕಳೆಯಲು ಬೇರೇನಿರುತ್ತದೆ? ಬಹಳ ಮಂದಿ ಕೊನೆಗೆ ಎಲ್ಲರನ್ನೂ ಕ್ಷಮಿಸಿ, ದೇವರಿಗೂ ಡಾಕ್ಟರಿಗೂ ಕೈಮುಗಿದು ಮುಗಿಸುತ್ತಾರೆ. ಅವರ ಮನಸ್ಸು ದೊಡ್ಡದು, ಇರಲಿ. ನಾನು ಯಾರನ್ನೂ ಕ್ಷಮಿಸಿಲ್ಲ. ಸಮಾಧಾನದ ಮಾತು ಬೇಕಾದವರು ಇಲ್ಲಿಗೇ ಪುಟ ತಿರುಗಿಸಬಹುದು. ಆದರೆ ನನ್ನ ಹಾಗೆ ಕೆಮ್ಮುತ್ತ, ಹೊಟ್ಟೆಯಲ್ಲಿ ಒಬ್ಬರ ಮೇಲೆ ಹಗೆ ಇಟ್ಟುಕೊಂಡು, ಅದು ಪಾಪವೇನೋ ಎಂದು ಒಳಗೊಳಗೇ ಅಂಜುತ್ತ ಕೂತವರು ಇದ್ದೀರಲ್ಲ, ನಿಮಗಾಗಿ ಬರೆಯುತ್ತಿದ್ದೇನೆ. ಹಾಗಾಗುವುದು ನಿಮ್ಮೊಬ್ಬರಿಗೇ ಅಲ್ಲ.

ನನ್ನ ಹೆಸರು ಶಾಂತಪ್ಪ. "ಹೆಸರಿಗಷ್ಟೇ ಶಾಂತಪ್ಪ" ಎಂದು ನನ್ನ ಹೆಂಡತಿ ಮಹಾದೇವಿ ಮದುವೆಯಾದ ವಾರದಿಂದಲೂ ಹೇಳುತ್ತ ಬಂದಿದ್ದಾಳೆ. ಹುಟ್ಟಿದ್ದು ತೆಲಂಗಾಣದ ಗಡಿಯ ಮೊಗುಡಂಪಲ್ಲಿಯಲ್ಲಿ. ಮದುವೆಯಾದ ಮೇಲೆ ತಾಂಡೂರಿಗೆ ಬಂದು ಕಲ್ಲಿನ ಯಾರ್ಡು ಸೇರಿದೆ. ತಾಂಡೂರಿನ ಕಲ್ಲು ನಿಮಗೆ ಗೊತ್ತಿರುತ್ತದೆ. ಈಗ ನೀವು ಕಾಲಿಟ್ಟು ಕೂತ ನೆಲವೇ ಅದಾಗಿರಬಹುದು. ಗಣಿಯಿಂದ ಬಂದ ಕಲ್ಲನ್ನು ದೊಡ್ಡ ಬ್ಲೇಡಿನಲ್ಲಿ ಕೊಯ್ದು, ಅಂಚನ್ನು ಕೈಗ್ರೈಂಡರಿನಿಂದ ಉಜ್ಜಿ ನುಣುಪು ಮಾಡುವುದು ನಮ್ಮ ಕೆಲಸ. ಬ್ಲೇಡಿಗೆ ಸದಾ ನೀರು ಬಿಡುತ್ತಿದ್ದರು. ಅಂಚು ಉಜ್ಜುವ ಗ್ರೈಂಡರಿಗೆ ನೀರಿಲ್ಲ. ನೀರಿಲ್ಲದೆ ಬ್ಲೇಡು ಸವೆದರೆ ಸಾವ್ಕಾರರಿಗೆ ನಷ್ಟ, ಎದೆ ಸವೆದರೆ ಯಾರಿಗೆ ಏನು? ಒಂಬತ್ತು ವರ್ಷ ನಾನು ಆ ಗ್ರೈಂಡರು ಹಿಡಿದೆ, ಆಮೇಲೆ ನಾಲ್ಕು ವರ್ಷ ಮೇಸ್ತ್ರಿಯಾದೆ.

ಸಾವ್ಕಾರರ ಹೆಸರು ಇಲ್ಲಿ ಬರೆಯುವುದಿಲ್ಲ. ಅದನ್ನು ಎಲ್ಲಿ ಬರೆಸಬೇಕಿತ್ತೋ ಅಲ್ಲಿ ಬರೆಸಿಯಾಗಿದೆ.

ನಮ್ಮ ರಸ್ತೆಯಲ್ಲಿ ಅಂಥ ಹನ್ನೊಂದು ಯಾರ್ಡುಗಳಿದ್ದವು. ಪ್ರತಿ ಯಾರ್ಡಿನಲ್ಲೂ ಧೂಳು ಎಳೆಯುವ ಯಂತ್ರ ಇರಬೇಕು ಎಂದು ಸರ್ಕಾರದ ನಿಯಮ. ಹನ್ನೊಂದು ಸಾವ್ಕಾರರು ಕೂಡಿ, ಪಾಲು ಹಾಕಿ, ಒಂದೇ ಒಂದು ಯಂತ್ರ ತಂದಿದ್ದರು. ಮುಂದೆ ದಪ್ಪನೆಯ ಉದ್ದ ಕೊಳವೆ, ಹಿಂದೆ ಜೋಲುವ ಬಟ್ಟೆಯ ಚೀಲಗಳು. ಅದಕ್ಕೆ ನಾವು ಆನೆ ಎಂದೇ ಕರೆಯುತ್ತಿದ್ದೆವು. ತಪಾಸಣೆಯ ಸಾಹೇಬರು ಯಾವ ದಿನ ಯಾವ ಯಾರ್ಡಿಗೆ ಬರುತ್ತಾರೆಂದು ಮೊದಲೇ ಫೋನು ಬರುತ್ತಿತ್ತು. ಹಿಂದಿನ ದಿನವೇ ಆನೆ ಟ್ರ್ಯಾಕ್ಟರ್ ಹತ್ತಿ ಆ ಯಾರ್ಡಿಗೆ ಹೋಗುತ್ತಿತ್ತು. ಅಂದು ನೆಲಕ್ಕೆ ನೀರು ಚಿಮುಕಿಸಿ, ಎಲ್ಲರ ಮೂಗಿಗೂ ಹೊಸ ಪಟ್ಟಿ ಕಟ್ಟಿ, ಬಹಳ ಕೆಮ್ಮುವವರಿಗೆ ರಜೆ ಕೊಡುತ್ತಿದ್ದರು. "ಆನಿ ಬಂತು, ನಾಳಿ ಸಾಹೇಬ್ರು ಬರ್ತಾರ" ಎಂದು ಯಾರ್ಡಿನಲ್ಲಿ ಕಲ್ಲು ಹೊರುವ ಹುಡುಗಿಯರೂ ನಗುತ್ತಿದ್ದರು. ನಾವೆಲ್ಲ ಸೇರಿಯೇ ಆಡಿದ ಆಟ ಅದು.

ಆ ಆಟದ ಮಾವುತ ನಾನೇ. ಅದನ್ನು ಜೋಡಿಸಿ ಚಾಲೂ ಮಾಡುವುದು ನನಗೊಬ್ಬನಿಗೇ ಬರುತ್ತಿತ್ತು, ಹಾಗಾಗಿ ಹನ್ನೊಂದು ಯಾರ್ಡಿಗೂ ಅದರ ಹಿಂದೆ ನಾನೇ ಹೋಗುತ್ತಿದ್ದೆ. ಸಾಹೇಬರು ನೆರಳಿನಲ್ಲಿ ಕುರ್ಚಿ ಹಾಕಿಸಿಕೊಂಡು, ಗೋಲಿ ಸೋಡಾ ಕುಡಿಯುತ್ತ, ವರದಿಯ ಹಾಳೆಯನ್ನು ನನ್ನ ಕೈಗೆ ಕೊಡುತ್ತಿದ್ದರು. "ಯಂತ್ರದ ನಂಬರು" ಎಂಬ ಕಡೆ ನಾನು ಆನೆಯ ಮೈಗೆ ಬಡಿದ ತಗಡಿನ ಮೇಲಿದ್ದ ನಂಬರನ್ನು ನೋಡಿ ಬರೆಯುತ್ತಿದ್ದೆ. ಸುಳ್ಳು ನಂಬರು ಬರೆಯಬೇಕೆಂಬ ಬುದ್ಧಿ ನನಗೂ ಬರಲಿಲ್ಲ, ಸಾಹೇಬರಿಗೂ ಬರಲಿಲ್ಲ. ನಮ್ಮ ಯಾರ್ಡಿನ ಹಾಳೆಯಲ್ಲಿ ಕೆಳಗೆ, ಕಾರ್ಮಿಕರ ಪರವಾಗಿ, ನನ್ನದೇ ಸಹಿ.

ಕೆಮ್ಮು ಶುರುವಾದದ್ದು ಊರೂರಿನಲ್ಲಿ ತೆಲಂಗಾಣದ ಚಳವಳಿ ಕಾವೇರಿದ್ದ ದಿನಗಳಲ್ಲಿ. ಮೊದಲು ಕೆಮ್ಮು, ಆಮೇಲೆ ದಮ್ಮು. ನೀರಿನ ಕೊಡ ಎತ್ತಿ ಅಂಗಳ ದಾಟುವಷ್ಟರಲ್ಲಿ ಗೋಡೆ ಹಿಡಿದು ನಿಲ್ಲುತ್ತಿದ್ದೆ. ಮೊದಲು ನೋಡಿದ ಡಾಕ್ಟರು ಕೇಳಿದ್ದು ಒಂದೇ ಪ್ರಶ್ನೆ, ಬೀಡಿ ಸೇದುತ್ತೀಯಾ ಎಂದು. ಹೌದೆಂದೆ. ಎದೆಯ ಫೋಟೋ ತೆಗೆಸಿ, ಕ್ಷಯ ಎಂದು ಹೇಳಿ, ಎಂಟು ತಿಂಗಳು ಗುಳಿಗೆ ನುಂಗಿಸಿದರು. ಉಚ್ಚೆ ಕುಂಕುಮದ ನೀರಿನ ಹಾಗೆ ಕೆಂಪಗೆ ಹೋಗುತ್ತಿತ್ತು. ಅದು ಗುಳಿಗೆಯ ಬಣ್ಣವೆಂದು ಯಾರೂ ಮೊದಲೇ ಹೇಳದಿದ್ದುದರಿಂದ ರಕ್ತವೇ ಎಂದು ತಿಳಿದು ಎರಡು ದಿನ ಹೆಂಡತಿಗೆ ಹೇಳದೆ ಒಬ್ಬನೇ ಅತ್ತೆ.

ಮನೆಯಲ್ಲಿ ನನಗೆ ಬೇರೆ ತಾಟು, ಬೇರೆ ಲೋಟ, ಬೇರೆ ಚಾಪೆ. ಮಹಾದೇವಿ ಅದನ್ನು ಅಸಹ್ಯಪಟ್ಟು ಮಾಡಲಿಲ್ಲ. ಮನೆಯಲ್ಲಿ ಎರಡು ಸಣ್ಣ ಮಕ್ಕಳಿದ್ದವು, ಡಾಕ್ಟರು ಹಾಗೆ ಮಾಡಲು ಹೇಳಿದ್ದರು. ಆದರೂ ನನ್ನ ತಾಟನ್ನು ಬಚ್ಚಲ ಮೂಲೆಯಲ್ಲಿ ಬೇರೆಯಾಗಿ ತೊಳೆಯುವ ಸಪ್ಪಳ ಕೇಳಿದಾಗ ಸತ್ತರೆ ಒಳ್ಳೆಯದಿತ್ತು ಅನ್ನಿಸುತ್ತಿತ್ತು. ಪಕ್ಕದ ಮನೆಯವರು ಮಗುವಿನ ತೊಟ್ಟಿಲಿಗೆ ಎಲ್ಲರನ್ನೂ ಕರೆದರು, ನಮ್ಮನ್ನು ಮಾತ್ರ ಬಿಟ್ಟರು. ಎಂಟು ತಿಂಗಳು ಮುಗಿದವು, ದಮ್ಮು ಕಡಿಮೆಯಾಗಲಿಲ್ಲ.

ಕೊನೆಗೆ ಹೈದರಾಬಾದಿನ ಎದೆರೋಗದ ದೊಡ್ಡ ಆಸ್ಪತ್ರೆಗೆ ಹೋದೆವು. ಚೀಟಿ ಮಾಡಿಸುವ ಸಾಲು ಗೇಟಿನ ಆಚೆಗೂ ಇತ್ತು. ನಾನು ನಿಲ್ಲಲಾರದೆ ಕುಕ್ಕರಿಸಿದಾಗ, ಮುಂದಿದ್ದ ಬುರ್ಖಾದ ಒಬ್ಬ ಮುದುಕಿ ತನ್ನ ಗಂಡನನ್ನು ಕೂರಿಸಿದ್ದ ಸ್ಟೂಲನ್ನು ನನ್ನ ಕಡೆ ತಳ್ಳಿದಳು. "ಇವ್ರದು ಸ್ವಲ್ಪ ಹೊತ್ತು ನಡೀತದ, ನೀ ಕೂಡು ಬೇಟಾ" ಎಂದಳು. ಅವಳು ಬೀದರಿನವಳು. ಒಂದೇ ಸ್ಟೂಲಿನ ಮೇಲೆ ನಾನೂ ಅವಳ ಗಂಡನೂ ಸರದಿಯ ಮೇಲೆ ಕೂತು ಅರ್ಧ ದಿನ ಕಳೆದೆವು. ಆ ಹೆಂಗಸಿನ ಹೆಸರು ಕೇಳಲಿಲ್ಲ, ಇವತ್ತಿಗೂ ಅದಕ್ಕೆ ಬೇಜಾರಿದೆ.

ಅಲ್ಲಿನ ಡಾಕ್ಟರು ನನ್ನ ಫೋಟೋವನ್ನು ಬೆಳಕಿಗೆ ಹಿಡಿದರು. ಬೀಡಿಯ ವಿಷಯ ಕೇಳಲಿಲ್ಲ. ನನ್ನ ಅಂಗೈ ತಿರುಗಿಸಿ ನೋಡಿ, ತೆಲುಗಿನಲ್ಲಿ, ಏನು ಕೆಲಸ ಮಾಡುತ್ತೀರಿ ಎಂದರು. ಒಂದು ವರ್ಷದಲ್ಲಿ ಆ ಪ್ರಶ್ನೆ ಕೇಳಿದ ಮೊದಲ ಮನುಷ್ಯ. ಕಲ್ಲಿನ ಯಾರ್ಡು ಎಂದೆ. ಅವರು ಫೋಟೋ ಕೆಳಗಿಟ್ಟು, ನಿಮಗಿರುವುದು ಕ್ಷಯವಲ್ಲ, ಕಲ್ಲಿನ ಧೂಳು ಎಂದರು. ಸಿಲಿಕೋಸಿಸ್ ಎಂದು ಚೀಟಿಯ ಮೇಲೆ ಬರೆದರು. ಒಳಗೆ ಹೋದ ಧೂಳು ಹೊರಗೆ ಬರುವುದಿಲ್ಲ; ಇನ್ನು ಮುಂದೆ ಧೂಳಿಗೆ ಹೋಗಬೇಡಿ, ದಮ್ಮಿಗೆ ಔಷಧ ಕೊಡುತ್ತೇನೆ, ಇದ್ದದ್ದನ್ನು ಇಟ್ಟುಕೊಂಡೇ ಬದುಕಬೇಕು ಎಂದರು. ಅಲ್ಲದೆ, ಎಷ್ಟು ವರ್ಷ ಎಲ್ಲಿ ಕೆಲಸ ಮಾಡಿದಿರೆಂದು ಮಾಲೀಕರಿಂದ ಒಂದು ಕಾಗದ ತಂದರೆ ಕೆಲಸದಿಂದಲೇ ಬಂದ ರೋಗವೆಂದು ಬರೆದುಕೊಡುತ್ತೇನೆ ಎಂದರು.

ಹಿಂತಿರುಗುವಾಗ ರೈಲು ವಿಕಾರಾಬಾದಿನಲ್ಲಿ ನಿಂತುಬಿಟ್ಟಿತು. ಹಳಿಯ ಮೇಲೆ ಚಳವಳಿಯವರು ಕೂತಿದ್ದರು, ಅಲ್ಲೇ ಕಲ್ಲಿನ ಒಲೆ ಹೂಡಿ ಅಡುಗೆ ನಡೆದಿತ್ತು. ನನ್ನ ಕೆಮ್ಮು ನೋಡಿ ಇಬ್ಬರು ಬಂದು ನನ್ನನ್ನು ಬೇವಿನ ಮರದ ನೆರಳಿಗೆ ಕರೆದೊಯ್ದರು, ಎರಡು ಎಲೆಯಲ್ಲಿ ಹುಳಿಯನ್ನ ತಂದಿಟ್ಟರು. ಮಹಾದೇವಿ ಎಲೆ ಮುಟ್ಟದೆ ನನ್ನ ಕಡೆ ತಿರುಗಿದಳು.

"ಹಂಗಾರ ಇದು ಒಬ್ರಿಂದ ಒಬ್ರಿಗೆ ಹತ್ತಂಗಿಲ್ಲ?" ಎಂದಳು.

"ಹತ್ತಂಗಿಲ್ಲ ಅಂದ್ರು."

"ಖರೇನಾ?"

"ಖರೇನೇ."

ಅವಳು ತನ್ನ ಎಲೆಯನ್ನು ಪಕ್ಕಕ್ಕೆ ಸರಿಸಿ, ನನ್ನ ಎಲೆಗೆ ಕೈ ಹಾಕಿ ತಿಂದಳು. ಎಂಟು ತಿಂಗಳ ಮೇಲೆ. ತಿನ್ನುತ್ತ ಅಳುತ್ತಿದ್ದಳು, ಅಳುತ್ತಲೇ ಯಾರನ್ನೋ ಬೈಯುತ್ತಿದ್ದಳು. ವಾಸಿಯಾಗದ ರೋಗ ಎಂದು ತಿಳಿದ ದಿನವೇ ನಾನು ಅಷ್ಟು ಸಂತೋಷದಿಂದ ಉಂಡೆನೆಂದರೆ ನೀವು ನಂಬುವುದು ಕಷ್ಟ.

ಮಾರನೆಯ ದಿನ ಕಾಗದ ಕೇಳಲು ಸಾವ್ಕಾರರ ಹತ್ತಿರ ಹೋದೆ. ನನಗೆ ಬೇರೇನೂ ಬೇಕಿರಲಿಲ್ಲ. ಈ ರೋಗ ಈ ಯಾರ್ಡಿನಿಂದ ಬಂತು ಎಂಬ ಒಂದು ಸಾಲು ಕಾಗದದ ಮೇಲೆ ಬರಬೇಕಿತ್ತು. ಅದಿಲ್ಲದಿದ್ದರೆ ಊರಿನ ಬಾಯಲ್ಲಿ ನಾನು ಬೀಡಿ ಸೇದಿ ಕ್ಷಯ ತಂದುಕೊಂಡವನು, ನನ್ನ ಮಕ್ಕಳು ಕ್ಷಯದವನ ಮಕ್ಕಳು. ಸಾವ್ಕಾರರು ಚೀಟಿ ಓದಲಿಲ್ಲ, ಕಪಾಟಿನಿಂದ ಒಂದು ಫೈಲು ತೆಗೆದರು.

"ಶಾಂತಾ, ನಮ್ ಯಾರ್ಡಿನಾಗ ಧೂಳ ಇಲ್ಲ. ನಾ ಹೇಳಾಕತ್ತಿಲ್ಲ, ಸರ್ಕಾರ ಬರದದ. ಇಲ್ಲಿ ನೋಡು, ಯಂತ್ರ ಅದ, ಚಾಲೂ ಅದ. ಕೆಳಗ ಸಹಿ ಯಾರ್ದದ?"

ನನ್ನದೇ. ನೀಲಿ ಶಾಯಿಯಲ್ಲಿ, ಬಾಲ ಎಳೆದು, ಠೀವಿಯಿಂದ ಮಾಡಿದ ಸಹಿ.

"ಅದು ಹ್ಯಾಂಗ ಬರದದ್ದು ಅಂತ ನಿಮಗೂ ಗೊತ್ತದ್ರಿ ಸಾವ್ಕಾರ್ರ," ಎಂದೆ.

"ನನಗೇನೂ ಗೊತ್ತಿಲ್ಲಪ್ಪ. ನೀ ಬೀಡಿ ಸೇದಿದಿ, ರೋಗ ತಂದ್ಕೊಂಡಿ. ಇನ್ ಇತ್ತಕಡೆ ಬರಬ್ಯಾಡ, ಮಂದಿಗೆ ಹತ್ತೀತು."

ಕೊನೆಯ ಮಾತನ್ನು ಅಂಗಳದಲ್ಲಿದ್ದವರಿಗೆಲ್ಲ ಕೇಳುವ ಹಾಗೆ ಹೇಳಿದರು. ಹದಿಮೂರು ವರ್ಷ ಜೊತೆಗೆ ಕೆಲಸ ಮಾಡಿದವರು ಎರಡು ಹೆಜ್ಜೆ ಹಿಂದೆ ಸರಿದರು. ಅವರಲ್ಲಿ ಮಹಾದೇವಿಯ ಒಡಹುಟ್ಟಿದ ತಮ್ಮ ರೇವಪ್ಪನೂ ಇದ್ದ. ಅವನ ಕೈಯಲ್ಲಿ ನಾನೇ ಹಿಡಿಯಲು ಕಲಿಸಿದ ಗ್ರೈಂಡರು. ಮಾಡಿದ್ದುಣ್ಣೋ ಮಹರಾಯ ಅನ್ನುತ್ತಾರೆ. ಸರಿ, ನಾನು ಮಾಡಿದ್ದು ನಾನು ಉಣ್ಣುತ್ತಿದ್ದೇನೆ. ಇವರು ಮಾಡಿದ್ದನ್ನು ಇವರಿಗೆ ಉಣಿಸದೆ ಸಾಯುವುದಿಲ್ಲ ಎಂದು ಅಲ್ಲಿ ನಿಂತೇ ಹಲ್ಲು ಕಚ್ಚಿ ಅಂದುಕೊಂಡೆ.

ಡಾಕ್ಟರು ಸಿಟ್ಟು ಮಾಡಿಕೊಳ್ಳಬೇಡಿ, ದಮ್ಮು ಹೆಚ್ಚುತ್ತದೆ ಎಂದಿದ್ದರು. ನನ್ನ ಅನುಭವ ಬೇರೆ. ಅಲ್ಲಿಯ ತನಕ ಮಧ್ಯಾಹ್ನದವರೆಗೂ ಚಾಪೆ ಬಿಡದವನು ಅಂದಿನಿಂದ ಬೆಳಗಾಗುತ್ತಲೇ ಏಳತೊಡಗಿದೆ. ಏನು ಮಾಡಬೇಕೆಂದು ಮಾತ್ರ ತಿಳಿಯಲಿಲ್ಲ. ಒಂದು ರಾತ್ರಿ ಯಾರ್ಡಿಗೆ ಬೆಂಕಿ ಇಡುವ ಯೋಚನೆಯೂ ಬಂತು, ಆಮೇಲೆ ನಗು ಬಂತು. ಕಲ್ಲಿಗೆ ಎಲ್ಲಿಂದ ಬೆಂಕಿ ಹತ್ತಬೇಕು?

ದಾರಿ ತೋರಿಸಿದವರು ಈರಣ್ಣ ಮಾಸ್ತರು. ಕನ್ನಡ ಶಾಲೆಯಲ್ಲಿ ನನ್ನ ಮಕ್ಕಳಿಗೆ ಕಲಿಸುವವರು. ಆಗ ತೆಲಂಗಾಣಕ್ಕಾಗಿ ಸರ್ಕಾರಿ ನೌಕರರೆಲ್ಲ ಮುಷ್ಕರ ಹೂಡಿದ್ದರು. ಶಾಲೆ ಮುಚ್ಚಿ ಮಾಸ್ತರು ದಿನವಿಡೀ ಧರಣಿಯ ಟೆಂಟಿನಲ್ಲಿ ಕೂತಿರುತ್ತಿದ್ದರು. ಮನೆಯಲ್ಲಿ ಗೋಡೆ ನೋಡುವುದಕ್ಕಿಂತ ಮೇಲೆಂದು ನಾನೂ ಹೋಗಿ ಕೂರುತ್ತಿದ್ದೆ. ಆನೆಯ ಕತೆ ಹೇಳಿದೆ. ಅವರು ನಗಲಿಲ್ಲ.

"ಹನ್ನೊಂದೂ ಹಾಳಿ ಮ್ಯಾಲ ಒಂದೇ ನಂಬರ್ ಬರದಿಯೇನು ಶಾಂತಪ್ಪ?"

"ಹೌದ್ರಿ ಮಾಸ್ತರ. ಇದ್ದದ್ದೇ ಒಂದು ಆನಿ, ಬ್ಯಾರೆ ನಂಬರ್ ಎಲ್ಲಿಂದ ತರ್ಲಿ?"

"ಆ ಹಾಳಿ ಎಲ್ಲಾ ಕಚೇರಿದಾಗ ಇರ್ತಾವ. ಮಾಹಿತಿ ಹಕ್ಕಿನಾಗ ಕೇಳಿದ್ರ ಕೊಡಬೇಕಾಗ್ತದ."

ಅರ್ಜಿ ಅಲ್ಲೇ ಬರೆದರು. ಕೊಡುವುದೆಲ್ಲಿ? ಕಚೇರಿಗೆ ಬೀಗ. ಅರ್ಜಿ ತೆಗೆದುಕೊಳ್ಳುವ ಗುಮಾಸ್ತರು ಅದೇ ಟೆಂಟಿನಲ್ಲಿ, ನಮ್ಮಿಂದ ನಾಲ್ಕನೆಯವರಾಗಿ, ಕಡಲೆ ತಿನ್ನುತ್ತ ಕೂತಿದ್ದರು. ಅವರು ಅರ್ಜಿ ಓದಿ, ಮಡಚಿ ನನಗೇ ಹಿಂದಕ್ಕೆ ಕೊಟ್ಟರು. "ಈಗ ತಗೊಂಡ್ರ ಮುಷ್ಕರ ಮುರದಂಗ ಆಗ್ತದ. ಮುಗದ ದಿನ ಮೊದಲ ಸಿಕ್ಕಾ ನಿಂದಕ್ಕೇ ಹೊಡೀತೀನಿ, ನನ್ ಮಾತಿರ್ಲಿ," ಎಂದರು. ವಾರಗಟ್ಟಲೆ ಕಾದೆ. ಮುಷ್ಕರ ಮುಗಿದ ದಿನ ಬಾಗಿಲು ತೆಗೆಯುವ ಮುಂಚೆಯೇ ಹೋಗಿ ನಿಂತೆ, ಅವರು ಮಾತು ಉಳಿಸಿಕೊಂಡರು. ಹಾಳೆಗಳು ಬರಲು ಮತ್ತೂ ಎರಡು ತಿಂಗಳು ಹಿಡಿಯಿತು. ಬಂದ ದಿನ ಮನೆಯ ನೆಲದ ಮೇಲೆ ಹನ್ನೊಂದನ್ನೂ ಸಾಲಾಗಿ ಹರವಿದೆವು. ಹನ್ನೊಂದು ಯಾರ್ಡು, ಹನ್ನೊಂದು ಕಡೆಯೂ ನನ್ನದೇ ಅಕ್ಷರ, ಒಂದೇ ನಂಬರು. ಓದು ಬಾರದ ಮಹಾದೇವಿ ಒಂದೊಂದೇ ಹಾಳೆಯ ಮೇಲೆ ಬೆರಳಿಟ್ಟು, "ಇದೂ ಅದೇ ನಂಬರೇನ್ರಿ? ಇದೂ ಅದೇನಾ?" ಎಂದು ಹನ್ನೊಂದು ಸಲ ಕೇಳಿದಳು. ನಾನು ಹನ್ನೊಂದು ಸಲವೂ ಹೌದೆಂದೆ.

ಅಷ್ಟರಲ್ಲಿ ಹಳೆಯ ಸಾಹೇಬರು ವರ್ಗವಾಗಿ ಹೊಸದಾಗಿ ಒಬ್ಬ ಮೇಡಂ ಬಂದಿದ್ದರು. ಚಿಕ್ಕ ವಯಸ್ಸು. ಮಾಸ್ತರೂ ನಾನೂ ಹೋಗಿ ಹಾಳೆಗಳನ್ನು ಮೇಜಿನ ಮೇಲಿಟ್ಟೆವು. ಅವರು ಬಹಳ ಹೊತ್ತು ನೋಡಿ, ಇದನ್ನೆಲ್ಲ ಬರೆದವರು ಯಾರೆಂದು ಕೇಳಿದರು. ನಾನೇ ಎಂದೆ. ಹಾಗಾದರೆ ಇದರಲ್ಲಿ ನಿಮ್ಮ ಹೆಸರೂ ಬರುತ್ತದೆ ಎಂದರು. ಮೊದಲು ಅದನ್ನೇ ಬರೆದುಕೊಳ್ಳಿ ಎಂದೆ.

ಅವರು ಫೋನು ಮಾಡದೆ ಬಂದರು. ನಾನು ದಿನವೂ ಕಾಯುತ್ತಿದ್ದಂತೆ ಅಂದೂ ರಸ್ತೆಯ ತುದಿಯ ಚಹಾದಂಗಡಿಯಲ್ಲಿ ಮೂಗಿಗೆ ಒದ್ದೆ ವಸ್ತ್ರ ಹಿಡಿದು ಕೂತಿದ್ದೆ; ಆ ನೋಟ ತಪ್ಪಿಸಿಕೊಳ್ಳುವ ಮನುಷ್ಯ ನಾನಲ್ಲ. ಮೊದಲ ಯಾರ್ಡಿಗೆ ಹೋಗಿ, ಈ ನಂಬರಿನ ಯಂತ್ರ ತೋರಿಸಿ ಎಂದರು. ರಿಪೇರಿಗೆ ಹೋಗಿದೆ ಎಂದರು ಅಲ್ಲಿಯವರು. ಎರಡನೆಯದರಲ್ಲೂ ಅದೇ ಮಾತು. ಸುದ್ದಿ ರಸ್ತೆಗುಂಟ ಹರಡಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡರು ಅನ್ನುತ್ತಾರಲ್ಲ, ನಮ್ಮ ಸಾವ್ಕಾರರು ಮುಟ್ಟಿಕೊಂಡರು. ಅಂದು ಆನೆ ಒಂಬತ್ತನೆಯ ಯಾರ್ಡಿನಲ್ಲಿತ್ತು. ಅದನ್ನು ತರಲು ಅವರು ಟ್ರ್ಯಾಕ್ಟರ್ ಕಳಿಸಿದರು. ಅವಸರದಲ್ಲಿ ತಾಡಪತ್ರಿ ಹೊದಿಸುವುದನ್ನೂ ಮರೆತರು. ಸೊಂಡಿಲು ಜೋತಾಡಿಸುತ್ತ ಬಂದ ಆನೆ ನಡುರಸ್ತೆಯಲ್ಲಿ ಮೇಡಂ ಅವರ ಜೀಪಿಗೆ ಎದುರಾಯಿತು. ಅವರು ಇಳಿದು, ಟ್ರ್ಯಾಕ್ಟರ್ ಹತ್ತಿ, ತಗಡಿನ ಮೇಲಿನ ಧೂಳನ್ನು ತಮ್ಮ ಕರವಸ್ತ್ರದಿಂದ ಒರೆಸಿ ನಂಬರು ಓದಿಕೊಂಡರು. ನನ್ನ ಹೊಟ್ಟೆ ತಣ್ಣಗಾಯಿತು. ಎರಡು ಚಹಾ ಕುಡಿದೆ.

ಯಾರ್ಡುಗಳಿಗೆ ಬೀಗ ಬಿತ್ತು. ನಾನು ವೀರನಾದೆನೆಂದು ತಿಳಿಯಬೇಡಿ. ಮೂರನೆಯ ದಿನ ರೇವಪ್ಪ ಮನೆಗೆ ಬಂದ, ಒಳಗೆ ಕಾಲಿಡಲಿಲ್ಲ.

"ಮಾವಾ, ನಿನ್ ಸೇಡು ನಿನಗ ತೀರ್ತು. ನಮ್ ಒಲಿ ಆರ್ತು. ಹಾಕಿದ ಬೀಗ ಯಾವಾಗ ತಗೀತಾರ?"

"ಯಂತ್ರ ಹಚ್ಚಿದ ದಿನ ತಗೀತಾರ. ನಿನ್ ಎದಿ ಉಳೀತದಲ್ಲೋ ರೇವಪ್ಪ."

"ನನ್ ಎದಿ ಮ್ಯಾಲ ಇಷ್ಟ್ ಕಾಳಜಿ ಇತ್ತಂದ್ರ ಆನಿ ಹಿಂದ ಯಾಕ ತಿರುಗಿದಿ?"

ಅಷ್ಟು ಹೇಳಿ ಬಾಗಿಲಿನಿಂದಲೇ ಹೊರಟುಹೋದ. ಎರಡು ತಿಂಗಳ ಮೇಲೆ ಪ್ರತಿ ಯಾರ್ಡಿಗೂ ಸ್ವಂತ ಯಂತ್ರ ಬಂದು ಬೀಗ ತೆಗೆದರು. ಕೆಲಸದವರಿಗೆಲ್ಲ ಎದೆಯ ಫೋಟೋ ತೆಗೆಸಿದರು, ರೇವಪ್ಪನದು ಸಾಫ್ ಬಂತು. ಅವನು ಅಕ್ಕನ ಹತ್ತಿರ ಮಾತಾಡುತ್ತಾನೆ, ನನ್ನ ಹತ್ತಿರ ಇಲ್ಲ. ಅದು ನನಗೆ ಆಗಬೇಕಾದ್ದೇ.

ವಿಚಾರಣೆ ಬಹಳ ಕಾಲ ನಡೆಯಿತು. ಅದರ ತೀರ್ಮಾನ ಎರಡು ಮಾತಿನಲ್ಲಿ ಹೇಳಿಬಿಡುತ್ತೇನೆ. ಸಾವ್ಕಾರರ ವಕೀಲರು ನನ್ನ ಸಹಿ ತೋರಿಸಿ, ಇವನೇ ಯಂತ್ರ ಇದೆಯೆಂದು ಬರೆದವನು ಎಂದರು. ಹೌದು, ನಾನು ಬರೆದದ್ದು ಸುಳ್ಳು, ಹನ್ನೊಂದು ಸಲ ಬರೆದ ಸುಳ್ಳು, ಬರೆಸಿದವರು ಇವರು ಎಂದೆ. ಈ ರೋಗ ಈ ಯಾರ್ಡಿನ ಧೂಳಿನಿಂದಲೇ ಬಂತೆಂದು ಕೊನೆಗೆ ಕಾಗದದ ಮೇಲೆ ಬಂತು, ಅದರ ಕೆಳಗೆ ಸಾವ್ಕಾರರ ಪೂರ್ತಿ ಹೆಸರು ಬಂತು. ಅವರಿಗೆ ಹಾಕಿದ ದಂಡ ಅವರ ಮಗಳ ಮದುವೆಯ ಪೆಂಡಾಲಿನ ಬಾಡಿಗೆಗೂ ಸಾಲದು. ಕಟ್ಟಿ, ಕಾರು ಹತ್ತಿ ಹೋದರು.

ಆದರೆ ತೀರ್ಮಾನದ ದಿನ ಬೆಳಿಗ್ಗೆ ಇನ್ನೊಂದು ನಡೆದಿತ್ತು. ವಿಚಾರಣೆಯ ಕೋಣೆ ಮೇಲಿನ ಮಹಡಿಯಲ್ಲಿತ್ತು. ಮೆಟ್ಟಿಲ ಒಂದು ಬದಿಗೆ ಹಳೆಯ ಫೈಲುಗಳ ಗಂಟು ಪೇರಿಸಿದ್ದರಿಂದ ಒಬ್ಬರು ಹತ್ತುವಷ್ಟೇ ಜಾಗ. ನಾನು ಹತ್ತತೊಡಗಿದಾಗ ಹಿಂದೆ ಸಾವ್ಕಾರರ ಚಪ್ಪಲಿಯ ಪರಿಚಯದ ಸಪ್ಪಳ ಕೇಳಿಸಿತು. ಮೂರು ಮೆಟ್ಟಿಲಿಗೆ ದಮ್ಮು ಹತ್ತಿತು, ನಿಂತೆ. ಅವರೂ ನಿಂತರು. ಆರಕ್ಕೆ ನಿಂತೆ, ಅವರೂ ನಿಂತರು. ಮೇಲಿನಿಂದ ಜವಾನ ಅವರ ಹೆಸರು ಕೂಗಿದ.

"ಸ್ವಲ್ಪ ಸರಿ ಶಾಂತಾ, ಕೂಗಾಕತ್ಯಾರ."

"ಎಲ್ಲಿ ಸರೀಲ್ರಿ ಸಾವ್ಕಾರ್ರ? ಜಾಗಾ ಎಲ್ಲದ?"

ನನ್ನ ಎದೆಯೊಳಗಿನ ಸಿಳ್ಳು ಆ ಇಕ್ಕಟ್ಟಿನಲ್ಲಿ ಚೆನ್ನಾಗಿ ಕೇಳುತ್ತಿತ್ತು. ಹದಿಮೂರು ವರ್ಷ ಅವರ ಯಾರ್ಡಿನಲ್ಲಿ ತುಂಬಿಸಿಕೊಂಡ ಸಿಳ್ಳು ಅದು, ಅವರು ಅಷ್ಟು ಹತ್ತಿರದಿಂದ ಎಂದೂ ಕೇಳಿರಲಿಲ್ಲ. ಮೇಲಿನಿಂದ ಜವಾನ ಎರಡನೆಯ ಸಲ ಕೂಗಿದ.

"ಯಾವಾಗ್ಲೂ ಹಿಂಗೇ ಆಗ್ತದೇನು ನಿನಗ?" ಎಂದು ಕೇಳಿದರು. ದನಿ ಸಣ್ಣದಾಗಿತ್ತು.

"ಯಾವಾಗ್ಲೂ," ಎಂದೆ.

ಹನ್ನೆರಡನೆಯ ಮೆಟ್ಟಿಲಿಗೆ ಬರುವ ಹೊತ್ತಿಗೆ ನನಗೆ ಉಸಿರು ಸರಿಯಾಗಿ ಬರುತ್ತಿತ್ತು. ಮುಂದಿನ ಹತ್ತನ್ನು ಒಂದೇ ಸಲಕ್ಕೆ ಹತ್ತಬಹುದಿತ್ತು. ಹತ್ತಲಿಲ್ಲ. ಒಂದೊಂದು ಮೆಟ್ಟಿಲಿಗೂ ಗೋಡೆಗೆ ಕೈಕೊಟ್ಟು, ಅವರಿಗೆ ಬೆನ್ನು ಮಾಡಿ, ಸಾವಕಾಶವಾಗಿ ನಿಂತೆ.